ಮಾತಿಲ್ಲದ ರಾಗ, ಮರೆತುಹೋದ ಹೆಸರು

‘ಮಾಲ್ಗುಡಿ ಡೇಸ್’ ಎಂದ ಕೂಡಲೇ ನಮ್ಮಲ್ಲಿ ಹಲವರಿಗೆ ಮೊದಲು ನೆನಪಾಗುವುದು ಅದರ ಕಥೆಯಲ್ಲ, ರಾಗ. ಅದನ್ನು ಗುನುಗುತ್ತೇವೆ, ಫೋನಿಗೆ ರಿಂಗ್‌ಟೋನ್ ಮಾಡಿಕೊಳ್ಳುತ್ತೇವೆ. ಯಾರದು ಎಂದು ಕೇಳಿದರೆ ‘ಶಂಕರನಾಗ್ ಅವರದಲ್ವಾ’ ಎನ್ನುತ್ತೇವೆ. ಶಂಕರನಾಗ್ ನಿರ್ದೇಶಕರು. ಆ ರಾಗ ಕಟ್ಟಿದವರು ಎಲ್. ವೈದ್ಯನಾಥನ್.

1980ರ ದಶಕದಲ್ಲಿ ದೂರದರ್ಶನದಲ್ಲಿ ಬಂದ ಧಾರಾವಾಹಿ ಅದು. ಆರ್.ಕೆ. ನಾರಾಯಣ್ ಅವರ ಕಥೆಗಳು, ಟಿ.ಎಸ್. ನರಸಿಂಹನ್ ಅವರ ನಿರ್ಮಾಣ. ಚಿತ್ರೀಕರಣ ಬಹುಪಾಲು ನಡೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅವನ ಅಪ್ಪನಾಗಿ ಗಿರೀಶ್ ಕಾರ್ನಾಡ್. ಊರು ನಮ್ಮದು, ಮುಖಗಳೂ ನಮ್ಮವು. ಆದರೆ ದೇಶಕ್ಕೆಲ್ಲ ತೋರಿಸಬೇಕಿದ್ದರಿಂದ ಮಾತು ಹಿಂದಿಯದು.

ಆಗ ಹಳ್ಳಿಗಳಲ್ಲಿ ಟಿ.ವಿ. ಇದ್ದ ಮನೆಗಳೇ ಬೆರಳೆಣಿಕೆ. ಹಿಂದಿ ತಿಳಿದವರು ಇನ್ನೂ ಕಡಿಮೆ. ಆದರೆ ಶುರುವಿನ ಆ ರಾಗಕ್ಕೆ ಯಾವ ಭಾಷೆಯೂ ಬೇಕಿರಲಿಲ್ಲ. ತೆರೆಯ ಮೇಲೆ ಆರ್.ಕೆ. ಲಕ್ಷ್ಮಣ್ ಅವರ ರೇಖಾಚಿತ್ರಗಳು, ಹಿಂದೆ ಅರ್ಥದ ಹಂಗಿಲ್ಲದ ಬರೀ ಗುನುಗು. ನಾಟಿ ಮಾಡುತ್ತಾ, ದನ ಕಾಯುತ್ತಾ ನಮ್ಮವರು ಗುನುಗುವುದೂ ಹಾಗೇ ತಾನೆ? ಅದಕ್ಕೇ ಸಂಭಾಷಣೆ ಅರ್ಥವಾಗದವರ ಬಾಯಲ್ಲೂ ಅದು ಉಳಿಯಿತು.

ವೈದ್ಯನಾಥನ್ ಪಿಟೀಲಿನ ಮನೆತನದವರು. ತಂದೆ ವಿ. ಲಕ್ಷ್ಮೀನಾರಾಯಣ ಪಿಟೀಲು ವಿದ್ವಾಂಸರು. ತಮ್ಮಂದಿರಾದ ಎಲ್. ಸುಬ್ರಮಣ್ಯಂ ಮತ್ತು ಎಲ್. ಶಂಕರ್ ಇಬ್ಬರೂ ವಿದೇಶಗಳಲ್ಲಿ ಹೆಸರಾದ ಪಿಟೀಲುವಾದಕರು. ಅಣ್ಣ ಸಿನಿಮಾದ ಕಡೆ ಬಂದರು. ಕನ್ನಡದಲ್ಲಿ ಕಾಶೀನಾಥ್ ಅವರ ‘ಅಪರಿಚಿತ’, ರಾಜ್‌ಕುಮಾರ್ ಅಭಿನಯದ ‘ಒಂದು ಮುತ್ತಿನ ಕಥೆ’ ಚಿತ್ರಗಳಿಗೆ ಸಂಗೀತ ಕೊಟ್ಟರು.

1987ರಲ್ಲಿ ‘ಪುಷ್ಪಕ ವಿಮಾನ’ ಬಂತು. ಸಿಂಗೀತಂ ಶ್ರೀನಿವಾಸ ರಾವ್ ಅವರ ಈ ಚಿತ್ರ ತಯಾರಾದದ್ದು ಬೆಂಗಳೂರಿನಲ್ಲಿ. ಕಮಲ್ ಹಾಸನ್, ಅಮಲಾ ನಟಿಸಿದ್ದ ಅದರಲ್ಲಿ ಸಂಭಾಷಣೆಯೇ ಇಲ್ಲ. ಮಾತಿಲ್ಲದ ಚಿತ್ರದಲ್ಲಿ ನಗು, ಆಸೆ, ಭಯ ಎಲ್ಲವನ್ನೂ ನಟನೆಯ ಜೊತೆ ಹೊತ್ತು ನಿಲ್ಲಬೇಕಾದದ್ದು ಸದ್ದು ಮತ್ತು ಸಂಗೀತ. ಅದರ ಸಂಗೀತವೂ ವೈದ್ಯನಾಥನ್ ಅವರದೇ.

ಹಿನ್ನೆಲೆ ಸಂಗೀತದ ಬಲ ನಮ್ಮ ನಾಡಿಗೆ ಹೊಸದೇನಲ್ಲ. ರಂಗಭೂಮಿಯಿಂದ ಬಂದ ಬಂಟ್ವಾಳ ತಾಲ್ಲೂಕಿನ ಬಿ.ವಿ. ಕಾರಂತರಿಗೆ ‘ಋಷ್ಯಶೃಂಗ’ ಮತ್ತು ‘ಘಟಶ್ರಾದ್ಧ’ ಚಿತ್ರಗಳ ಸಂಗೀತಕ್ಕಾಗಿ 1976 ಮತ್ತು 1977ರ ರಾಷ್ಟ್ರಪ್ರಶಸ್ತಿ ಬಂತು. ಎರಡೂ ಹಾಡು, ಕುಣಿತ ನಂಬಿಕೊಂಡ ಚಿತ್ರಗಳಲ್ಲ.

ಆದರೂ ಹಾಡಿದವರ ಹೆಸರು ಉಳಿದಂತೆ ಹಿನ್ನೆಲೆ ಕಟ್ಟಿದವರ ಹೆಸರು ಉಳಿಯುವುದಿಲ್ಲ. ತಾಲ್ಲೂಕು ತಿರುಗಿ ಸುದ್ದಿ ಕಳಿಸುವ ನಮಗೆ ಇದು ಚೆನ್ನಾಗಿ ಗೊತ್ತು. ಬೆಳಗ್ಗೆ ಊರೆಲ್ಲ ಆ ಸುದ್ದಿ ಓದುತ್ತದೆ, ಮೇಲೆ ನಮ್ಮ ಹೆಸರಿರುವುದಿಲ್ಲ.

ವೈದ್ಯನಾಥನ್ 2007ರಲ್ಲಿ ತೀರಿಕೊಂಡರು. ಈಗ ಫೋನಿನಲ್ಲಿ ಧಾರಾವಾಹಿ ನೋಡುವಾಗ ಶುರುವಿನ ಸಂಗೀತವನ್ನು ಹಾರಿಸಿಬಿಡಲು ಒಂದು ಗುಂಡಿಯೇ ಇದೆ. ಅದನ್ನು ಒತ್ತಿದರೆ ರಾಗವೂ ಹೋಗುತ್ತದೆ, ಹೆಸರುಗಳೂ ಹೋಗುತ್ತವೆ. ಮುಂದಿನ ಸಲ ಮಾಲ್ಗುಡಿ ಹಚ್ಚಿದಾಗ ಆ ಗುಂಡಿ ಒತ್ತಬೇಡಿ. ರಾಗ ಮುಗಿಯಲಿ. ಪಕ್ಕದಲ್ಲಿ ಮಕ್ಕಳಿದ್ದರೆ ಇದು ವೈದ್ಯನಾಥನ್ ಅವರದು ಎಂದು ಹೇಳಿ.