ನೆಲದಡಿಯ ಕಾಲುವೆ: ನೌಬಾದಿನ ಕರೇಜ್

ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದು ಕೊಡಪ್ಪ ಎಂದು ನಮ್ಮ ಗುರುಗಳು ಫೋನ್ ಮಾಡಿದಾಗ, ಸಾಫ್ಟ್‌ವೇರ್ ಕೆಲಸದ ಬಗ್ಗೆ ಬರೆಯೋಣ ಎಂದುಕೊಂಡಿದ್ದೆ. ಕುಳಿತಾಗ ನೆನಪಾದದ್ದು ಮಾತ್ರ ಒಂದು ಬಾವಿ.

ಹೈಸ್ಕೂಲಿನಲ್ಲಿದ್ದಾಗ ರಜೆಯಲ್ಲಿ ಚಿದ್ರಿಯಿಂದ ಊರು ದಾಟಿ ನೌಬಾದಿನ ಅತ್ತೆಯ ಮನೆಗೆ ಸೈಕಲ್ ಮೇಲೆ ಹೋಗುತ್ತಿದ್ದೆ. ಅವರ ಹೊಲದ ಆಚೆ ಕೆಂಪು ಕಲ್ಲಿನಲ್ಲಿ ಕಡಿದ ಆಳವಾದ ಬಾವಿಯಿತ್ತು. ಸ್ವಲ್ಪ ದೂರದಲ್ಲಿ ಇನ್ನೊಂದು, ಅದೇ ಸಾಲಿನಲ್ಲಿ ಮತ್ತೊಂದು. ಒಂದರಲ್ಲೂ ರಾಟೆಯಿಲ್ಲ, ಮೆಟ್ಟಿಲಿಲ್ಲ. "ಅದ್ರಾಗ ಇಣುಕಬ್ಯಾಡೋ, ಅದು ಕಿಲ್ಲಾಕ ಹೋಗೋ ದಾರಿ ಅದ" ಎನ್ನುತ್ತಿದ್ದರು ಅತ್ತೆ. ನಾವು ಇಣುಕುತ್ತಿದ್ದೆವು, ಕಲ್ಲು ಎಸೆಯುತ್ತಿದ್ದೆವು. ಕೆಳಗೆ ಕಸದ ಮೇಲೆ ಬಿದ್ದು ಧಪ್ ಎನ್ನುತ್ತಿತ್ತು.

ಅದು ಕಿಲ್ಲೆಗೆ ಹೋಗುವ ಕಳ್ಳದಾರಿಯಲ್ಲ, ನೀರಿನ ದಾರಿ ಎಂಬುದು ನನಗೆ ತಿಳಿದದ್ದು ಬಿ.ಇ. ಮುಗಿಸಿದ ಮೇಲೆ. ಅದರ ಹೆಸರು ಕರೇಜ್. ಬೀದರಿನಲ್ಲಿ ಇಂಥವು ಮೂರು: ನೌಬಾದ್, ಶುಕ್ಲತೀರ್ಥ ಮತ್ತು ಜಮುನಾ ಮೋರಿ. ನೌಬಾದಿನದು 3 ಕಿ.ಮೀ.ಗೂ ಹೆಚ್ಚು ಉದ್ದ, 21 ಗಾಳಿಬಾವಿಗಳು. ನಾವು ಕಲ್ಲೆಸೆದದ್ದು ಅಂಥದೊಂದಕ್ಕೆ.

1430ರ ಸುಮಾರಿಗೆ ಬಹಮನಿ ಸುಲ್ತಾನ ಒಂದನೇ ಅಹ್ಮದ್ ಷಾ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ. ಎತ್ತರದ ಜಾಗ, ಗಟ್ಟಿ ಕೋಟೆ, ಎಲ್ಲ ಸರಿ; ಆದರೆ ಕಲ್ಲು ನೆಲ. ಸೈನ್ಯಕ್ಕೂ ಪೇಟೆಗೂ ನೀರೆಲ್ಲಿಂದ ತರುವುದು? ಉತ್ತರ ಇರಾನಿನಿಂದ ಬಂತು. ಕೆರ್ಮಾನ್ ಸೀಮೆಯ ಸೂಫಿ ಷಾ ನಿಯಾಮತುಲ್ಲಾ ಅವರ ಮನೆತನವನ್ನು ಈ ಸುಲ್ತಾನ ಬೀದರಿಗೆ ಬರಮಾಡಿಕೊಂಡಿದ್ದ. ಅಷ್ಟೂರಿನ ದಾರಿಯಲ್ಲಿ ನಾವೆಲ್ಲ ನೋಡಿರುವ ಚೌಖಂಡಿ ಅದೇ ಮನೆತನದ ಖಲೀಲುಲ್ಲಾ ಅವರ ಸಮಾಧಿ. ಕೆರ್ಮಾನ್ ಎಂದರೆ ಇಂಥ ಸುರಂಗ ಕಾಲುವೆಗಳ ನಾಡು. 2016ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಇರಾನಿನ 11 ಸುರಂಗ ಕಾಲುವೆಗಳಲ್ಲಿ ಅಲ್ಲಿನವೂ ಇವೆ. ಜನರ ಜೊತೆ ವಿದ್ಯೆಯೂ ಬಂತು.

ಆದರೆ ಅದನ್ನು ಒಗ್ಗಿಸಿಕೊಂಡದ್ದು ನಮ್ಮ ನೆಲ. ಬೀದರಿನಲ್ಲಿ ಮೇಲೆ ರಂಧ್ರಗಳಿರುವ ಕೆಂಪು ಜಂಬಿಟ್ಟಿಗೆ, ಕೆಳಗೆ ಕರಿಕಲ್ಲು. ಮಳೆನೀರು ಜಂಬಿಟ್ಟಿಗೆಯೊಳಗೆ ಇಳಿಯುತ್ತದೆ, ಕರಿಕಲ್ಲು ಅದನ್ನು ತಡೆದು ನಿಲ್ಲಿಸುತ್ತದೆ. ಎತ್ತರದಲ್ಲಿ ತಾಯಿಬಾವಿ ತೋಡಿ ಆ ನೀರನ್ನು ಹಿಡಿದು, ಅಲ್ಲಿಂದ ಬಹಳ ಸಣ್ಣ ಇಳಿಜಾರಿನಲ್ಲಿ ಸುರಂಗ ಕೊರೆದರೆ ನೀರು ತಾನಾಗಿ ಹರಿದು ಬರುತ್ತದೆ. ಇಳಿಜಾರು ಹೆಚ್ಚಾದರೆ ಸುರಂಗ ಕೊಚ್ಚಿಹೋಗುತ್ತದೆ, ಕಡಿಮೆಯಾದರೆ ಹೂಳು ನಿಲ್ಲುತ್ತದೆ. ನಡುನಡುವಿನ ಬಾವಿಗಳು ಅಗೆದ ಮಣ್ಣು ಎತ್ತಲು, ಒಳಗಿನವರಿಗೆ ಗಾಳಿ ಬೆಳಕು ಕೊಡಲು. ಕತ್ತಲೆಯಲ್ಲಿ ಕುಳಿತು ಆ ಮಟ್ಟ ಹಿಡಿದವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಕಾಸರಗೋಡಿನ ಕಡೆ ಅಡಿಕೆ ತೋಟದ ಕನ್ನಡಿಗರೂ ಜಂಬಿಟ್ಟಿಗೆ ಗುಡ್ಡದಲ್ಲಿ ಸುರಂಗ ಕೊರೆದು ನೀರು ತರುತ್ತಾರೆ. ಹೆಚ್ಚಾಗಿ ಅದು ಒಂದೊಂದು ಮನೆಯ ಆಸ್ತಿ. ನಮ್ಮದು ಊರಿನ ಆಸ್ತಿ. ಅದೇ ಅದಕ್ಕೆ ಮುಳುವಾಯಿತೇನೋ.

ಬಹಮನಿಗಳ ನಂತರ ಬರೀದ್ ಷಾಹಿ, ಆದಿಲ್ ಷಾಹಿ, ಔರಂಗಜೇಬ್, ನಿಜಾಮ ಎಂದು ರಾಜ್ಯಗಳು ಬದಲಾದವು. ಮುಂದೆ ನಲ್ಲಿ ಬಂತು, ಕಾರಂಜಾ ಜಲಾಶಯದ ನೀರು ಬಂತು, ಸುರಂಗ ಮರೆತುಹೋಯಿತು. ಗಾಳಿಬಾವಿಗಳು ಕಸದ ಗುಂಡಿಗಳಾದವು. ನೀರು ಇಂಗುವ ಬಯಲಿನಲ್ಲಿ ಮನೆಗಳೆದ್ದವು. ಎಲ್ಲಕ್ಕಿಂತ ದೊಡ್ಡ ಪೆಟ್ಟು ಕೊಳವೆಬಾವಿಯದು. ಅಂತರ್ಜಲ ಸುರಂಗದ ಮಟ್ಟಕ್ಕಿಂತ ಕೆಳಗಿಳಿದರೆ ಅದರೊಳಗೆ ಹನಿಯೂ ಬರುವುದಿಲ್ಲ. ನಾನು ಹತ್ತನೆಯ ತರಗತಿಯಲ್ಲಿದ್ದಾಗ ಅತ್ತೆಯ ಹೊಲದಲ್ಲಿ ಬೋರ್ ಹೊಡೆಸಿದರು. ನೀರು ಬಿದ್ದ ದಿನ ಪೇಢೆ ಹಂಚಿದರು. ನಾನು ಎರಡು ತಿಂದೆ.

ಕರೇಜನ್ನು ಮತ್ತೆ ಊರಿನ ಮಾತಾಗಿಸಿದ್ದು ಕೇರಳದ ಚಿತ್ತೂರು ಸರ್ಕಾರಿ ಕಾಲೇಜಿನ ಭೂಗೋಳ ಅಧ್ಯಾಪಕ ವಲಿಯಿಲ್ ಗೋವಿಂದನ್‌ಕುಟ್ಟಿ ಮತ್ತು ಬೀದರಿನ ಟೀಮ್ ಯುವಾ. ಬಾವಿಯಿಂದ ಬಾವಿಗೆ ನಡೆದು, ಒಳಗಿಳಿದು, ನಕ್ಷೆ ಮಾಡಿದರು. 2015ರ ಹೊತ್ತಿಗೆ ಸರ್ಕಾರದಿಂದ ಹೂಳೆತ್ತುವ ಕೆಲಸ ನಡೆದಿತ್ತು. ಅದು ಭೀಕರ ಬರದ ಕಾಲ. 2016ರ ಏಪ್ರಿಲ್‌ನಲ್ಲಿ ಪಕ್ಕದ ಲಾತೂರಿಗೆ ಮೀರಜ್‌ನಿಂದ ರೈಲಿನಲ್ಲಿ ನೀರು ಸಾಗಿಸಿದರು. ಆಗ ಜಿಲ್ಲಾಧಿಕಾರಿಯಾಗಿದ್ದ ಅನುರಾಗ್ ತಿವಾರಿ ಬೀದರಿನ ಹಳೆಯ ಬಾವಿಗಳನ್ನೂ ಕೆರೆಗಳನ್ನೂ ಶುಚಿ ಮಾಡಿಸಿದರು. 2017ರಲ್ಲಿ ತೀರಿಕೊಂಡ ಅವರನ್ನು ಇಲ್ಲಿನ ಜನ ಈಗಲೂ ನೆನೆಯುತ್ತಾರೆ.

ಹೂಳೆತ್ತಿದ್ದು ದೊಡ್ಡ ಕೆಲಸ, ಆದರೆ ಅರ್ಧ ಕೆಲಸ. ಪ್ರೋಗ್ರಾಂ ಕೆಟ್ಟಿದೆ ಎಂದು ದೂರು ಬಂದರೆ ನಾವು ಮೊದಲು ನೋಡುವುದು ಅದರೊಳಗೆ ಹೋಗುತ್ತಿರುವುದೇನು ಎಂದು. ಕರೇಜಿಗೆ ಹೋಗಬೇಕಾದದ್ದು ಮಳೆ. ಮೇಲಿನ ಬಯಲನ್ನು ಕಾಂಕ್ರೀಟಿನಿಂದ ಮುಚ್ಚಿ, ಸುತ್ತ ಬೋರುಗಳನ್ನು ಇನ್ನೂ ಆಳಕ್ಕೆ ಇಳಿಸುತ್ತ ಹೋದರೆ, ಚೊಕ್ಕಟವಾದ ಸುರಂಗ ಪ್ರವಾಸಿಗರು ನೋಡಲಷ್ಟೇ ಉಳಿಯುತ್ತದೆ. ಹೀಗೆಂದಾಗ ಮಾವ ಕೇಳಿದರು: "ಬೋರ್ ಬಂದ್ ಮಾಡಿ ತೊಗರಿ ನಿನ್ನ ಲ್ಯಾಪ್‌ಟಾಪಿನ್ಯಾಗ ಬೆಳೀಲೇನು?" ನನ್ನಲ್ಲಿ ಉತ್ತರವಿರಲಿಲ್ಲ. ಮನೆಯ ಮಾಳಿಗೆಯ ಮಳೆನೀರನ್ನಾದರೂ ಬೋರಿನ ಪಕ್ಕ ಇಂಗಿಸೋಣ ಎಂದೆ. ಇಬ್ಬರೂ ಸೇರಿ ಗುಂಡಿ ತೋಡಿದೆವು.

ಕಳೆದ ಮಳೆಗಾಲದ ಕೊನೆಗೆ ಮಗಳನ್ನು ಕರೆದುಕೊಂಡು ಆ ಹಳೆಯ ಬಾವಿಯ ಹತ್ತಿರ ಹೋಗಿದ್ದೆ. ಅತ್ತೆ ಬೇಡವೆಂದರೂ ಕೇಳದೆ ಅವಳು ಒಂದು ಸಣ್ಣ ಹರಳು ಕೆಳಗೆ ಬಿಟ್ಟಳು. ಎರಡು ಕ್ಷಣ ಏನೂ ಇಲ್ಲ. ಆಮೇಲೆ ಬುಳುಕ್ ಎಂದಿತು.