ಅಡಿಕೆಯ ನೆರಳಿನ ಕೊಕ್ಕೋ: ಚಾಕಲೇಟು ನಮ್ಮ ಊಟಕ್ಕೆ ಸಲ್ಲುವುದೆ?

ಗಣೇಶನ ಹಬ್ಬಕ್ಕೆ ಎರಡು ವಾರ ಇರುವಾಗ ಡೊಂಬಿವಲಿಯ ಸದಸ್ಯರೊಬ್ಬರ ಮನೆಯಲ್ಲಿ ನಮ್ಮ ಬಳಗದ ಬೈಠಕ್ ನಡೆಯಿತು. ಮಕ್ಕಳ ಕಾರ್ಯಕ್ರಮದ ಕೊನೆಯಲ್ಲಿ ಏನು ಹಂಚಬೇಕೆಂಬುದು ಅಂದಿನ ಕೊನೆಯ ವಿಷಯ. ಐದು ನಿಮಿಷದಲ್ಲಿ ಮುಗಿಯಬೇಕಾದ ಮಾತು ಒಂದು ಗಂಟೆ ನಡೆಯಿತು. ಕಿರಿಯ ತಾಯಂದಿರು ಪೇಟೆಯಲ್ಲಿ ಸಿಗುವ ಚಾಕಲೇಟು ಮೋದಕ ತರಿಸೋಣವೆಂದರು. ಹಿರಿಯರೊಬ್ಬರು, "ಕಡುಬು ತಿನ್ನುವ ಗಣಪತಿಗೆ ಚಾಕಲೇಟು ತಿನ್ನಿಸುವಷ್ಟು ನಾವು ಊರು ಮರೆತೆವೆ?" ಎಂದು ಕೇಳಿದರು. ಮಧುಮೇಹವಿರುವ ಇನ್ನೊಬ್ಬರು, "ಕಡುಬಿನ ಹೂರಣವಾದರೂ ನನಗೆ ಅಮೃತವೇನಲ್ಲ" ಎಂದರು. ಎಲ್ಲರೂ ನಕ್ಕರು, ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು. ಆರೋಗ್ಯಕರವಾದ ಸಾಂಪ್ರದಾಯಿಕ ಆಹಾರದಲ್ಲಿ ಚಾಕಲೇಟಿಗೆ ಸ್ಥಾನವುಂಟೆ? ಊರಿನಿಂದ ದೂರವಿರುವ ನಮ್ಮಂಥವರಿಗೆ ಈ ಪ್ರಶ್ನೆ ತುಸು ಹೆಚ್ಚೇ ನಾಟುತ್ತದೆ. ಮನೆಯ ಹೊರಗೆ ಭಾಷೆ ಬೇರೆ, ಬೀದಿ ಬೇರೆ. ನಮ್ಮದೆಂದು ಉಳಿದಿರುವುದರಲ್ಲಿ ತಟ್ಟೆಯೂ ಒಂದು. ಆದ್ದರಿಂದ ಇದನ್ನು ಚರಿತ್ರೆಯ ದಾರಿಯಲ್ಲಿ ವಿಚಾರಿಸಿ ನೋಡುವುದು ಉಚಿತವೆಂದು ನಮಗೆ ತೋರಿತು.

ಮೊದಲು 'ಸಾಂಪ್ರದಾಯಿಕ' ಎಂಬ ಮಾತನ್ನೇ ನೋಡೋಣ. ಕನ್ನಡದಲ್ಲಿ ಅಡುಗೆಯ ಬರವಣಿಗೆಗೆ ಸಾವಿರ ವರ್ಷದ ಇತಿಹಾಸವಿದೆ. 1025ರ ಸುಮಾರಿನಲ್ಲಿ ಎರಡನೆಯ ಚಾವುಂಡರಾಯನು ರಚಿಸಿದ 'ಲೋಕೋಪಕಾರ'ದಲ್ಲಿ ಪಾಕಕ್ಕೊಂದು ಭಾಗವಿದೆ. 12ನೆಯ ಶತಮಾನದಲ್ಲಿ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಅರಮನೆಯ ಭಕ್ಷ್ಯಭೋಜ್ಯಗಳ ವಿವರಗಳಿವೆ. ಅವನ ರಾಜಧಾನಿಯ ಹೆಸರೂ ಕಲ್ಯಾಣವೇ. ಆದರೆ ಅದು ನಮ್ಮ ಲೋಕಲ್ ಗಾಡಿ ನಿಲ್ಲುವ ಕಲ್ಯಾಣವಲ್ಲ, ಬೀದರ ಸೀಮೆಯ ಇಂದಿನ ಬಸವಕಲ್ಯಾಣ. 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ಪಾಕಕ್ಕೆಂದೇ 'ಸೂಪಶಾಸ್ತ್ರ'ವನ್ನು ಬರೆದನು. ಈ ಮೂರರಲ್ಲಿ ಯಾವುದರಲ್ಲಿಯೂ ಇಂದು ನಾವು ಬಳಸುವ ಮೆಣಸಿನಕಾಯಿಯಿಲ್ಲ. ಆಲೂಗಡ್ಡೆ, ಟೊಮೆಟೊ, ಶೇಂಗಾ ಇಲ್ಲ. ಖಾರಕ್ಕೆ ಕಾಳುಮೆಣಸು, ಶುಂಠಿ, ಹಿಪ್ಪಲಿಗಳೇ ಗತಿಯಾಗಿದ್ದವು. ಇಡ್ಡಲಿಗೆಯ ಹೆಸರು 10ನೆಯ ಶತಮಾನದ 'ವಡ್ಡಾರಾಧನೆ'ಯಲ್ಲಿಯೇ ಬರುತ್ತದೆ. ಆದರೆ ಹಳೆಯ ವರ್ಣನೆಗಳಲ್ಲಿ ಕಾಣುವುದು ಉದ್ದಿನ ಹಿಟ್ಟಿನ ಇಡ್ಡಲಿಗೆ. ಅಕ್ಕಿ ಸೇರಿದ ಇಂದಿನ ಇಡ್ಲಿಯಲ್ಲ.

ಅಮೆರಿಕ ಖಂಡದ ಬೆಳೆಗಳು ಈ ಕರಾವಳಿಗೆ ಬಂದದ್ದು ಪೋರ್ಚುಗೀಸರ ಹಡಗುಗಳಲ್ಲಿ. ನಾವು ವಾಸಿಸುವ ಠಾಣೆಯೂ 16ನೆಯ ಶತಮಾನದಿಂದ 1737ರಲ್ಲಿ ಮರಾಠರು ಗೆದ್ದುಕೊಳ್ಳುವವರೆಗೆ ಅವರ ವಶದಲ್ಲಿಯೇ ಇತ್ತು. ಆ ವಲಸೆಯ ಫಲ ಇಂದು ನಮ್ಮ ಅತ್ಯಂತ ಮಡಿಯ ತಟ್ಟೆಯಲ್ಲಿಯೂ ಇದೆ. ಏಕಾದಶಿಯಂದು ಇಲ್ಲಿನ ಮನೆಮನೆಯಲ್ಲಿ ಮಾಡುವ, ನಾವೂ ನೆರೆಯವರಿಂದ ಕಲಿತ, ಸಾಬುದಾಣೆಯ ಖಿಚಡಿಯನ್ನೇ ನೋಡಿರಿ. ಸಾಬುದಾಣೆಗೆ ಬೇಕಾದ ಮರಗೆಣಸು, ಅದಕ್ಕೆ ಬೆರೆಸುವ ಶೇಂಗಾ, ಆಲೂಗಡ್ಡೆ, ಹಸಿಮೆಣಸಿನಕಾಯಿ, ಈ ನಾಲ್ಕೂ ಅಮೆರಿಕದಿಂದ ಬಂದವು. ಅನ್ನವನ್ನು ವರ್ಜಿಸಿ ಉಪವಾಸವಿರುವವರು ಉಣ್ಣುವುದು ಸಮುದ್ರದಾಚೆಯ ಪದಾರ್ಥಗಳನ್ನು. ಅವು ಪರಕೀಯವೆಂದು ಯಾವ ಅಜ್ಜಿಯೂ ದೂರುವುದಿಲ್ಲ. ಆದ್ದರಿಂದ ಹೊರಗಿನಿಂದ ಬಂದಿತೆಂಬ ಒಂದೇ ಕಾರಣಕ್ಕೆ ಚಾಕಲೇಟನ್ನು ದೂರವಿಡುವ ವಾದ ನಿಲ್ಲುವುದಿಲ್ಲ.

ಕೊಕ್ಕೋ ಕೂಡ ಅದೇ ಖಂಡದ್ದು. ಮಧ್ಯ ಅಮೆರಿಕದ ಮಾಯಾ ಮತ್ತು ಅಜ್ಟೆಕ್ ಜನರಿಗೆ ಅದು ತಿನಿಸಾಗಿರಲಿಲ್ಲ. ಅರೆದು ನೀರಿನಲ್ಲಿ ಕದಡಿ ನೊರೆಯೆಬ್ಬಿಸಿದ ಕಹಿ ಪಾನೀಯವಾಗಿತ್ತು. ಆ ಪಾನೀಯದಲ್ಲಿ ಮೆಣಸಿನಕಾಯಿ ಬೆರೆಸುವುದೂ ಇತ್ತು. ಅದಕ್ಕೆ ಸಕ್ಕರೆಯನ್ನು ಧಾರಾಳವಾಗಿ ಸೇರಿಸಿದವರು ಯುರೋಪಿನವರು. 1828ರಲ್ಲಿ ಡಚ್ಚರ ವಾನ್ ಹೌಟನ್ ಮನೆತನವು ಬೀಜದ ಕೊಬ್ಬನ್ನು ಒತ್ತಿ ತೆಗೆಯುವ ಯಂತ್ರಕ್ಕೆ ಹಕ್ಕುಪತ್ರ ಪಡೆಯಿತು. 1847ರಲ್ಲಿ ಇಂಗ್ಲೆಂಡಿನ ಫ್ರೈ ಕಂಪನಿ ಅಗಿದು ತಿನ್ನುವ ಚಾಕಲೇಟಿನ ಹಲಗೆಯನ್ನು ಮಾರುಕಟ್ಟೆಗೆ ತಂದಿತು. 1875ರ ಸುಮಾರಿಗೆ ಸ್ವಿಟ್ಜರ್ಲೆಂಡಿನ ಡೇನಿಯಲ್ ಪೀಟರ್ ಅದಕ್ಕೆ ಹಾಲನ್ನು ಕೂಡಿಸಿದನು. ಹಾಗಾಗಿ ನಮ್ಮ ಮಕ್ಕಳು ಚಾಕಲೇಟು ಎಂದು ಕರೆಯುವ ವಸ್ತುವಿಗೆ ಒಂದೂವರೆ ಶತಮಾನದ ವಯಸ್ಸು ಮಾತ್ರ. ಅದು ತೋಟದ ಕೂಸಲ್ಲ, ಕಾರ್ಖಾನೆಯ ಕೂಸು.

ಈಸ್ಟ್ ಇಂಡಿಯಾ ಕಂಪನಿಯವರು 1798ರಲ್ಲಿ ತಮಿಳುನಾಡಿನ ಕುತ್ತಾಲದಲ್ಲಿ ಕೊಕ್ಕೋ ಗಿಡಗಳನ್ನು ನೆಟ್ಟಿದ್ದರು. ಅದು ಬೆಳೆಯಾಗಿ ಹಬ್ಬಲಿಲ್ಲ. 1965ರಲ್ಲಿ ಕ್ಯಾಡ್‌ಬರಿ ಕಂಪನಿ ವಯನಾಡಿನ ಚುಂಡೇಲಿನಲ್ಲಿ ಪ್ರಾತ್ಯಕ್ಷಿಕೆಯ ತೋಟವೊಂದನ್ನು ಮಾಡಿದ ಬಳಿಕ ಕೊಕ್ಕೋ ಕೃಷಿ ನಿಜವಾಗಿ ಬೇರುಬಿಟ್ಟಿತು. ನೆರಳನ್ನು ಬಯಸುವ ಗಿಡವಿದು. ನೀರಾವರಿಯಿರುವ ಅಡಿಕೆ ಮತ್ತು ತೆಂಗಿನ ತೋಟಗಳಿಗೆ ಹೇಳಿಮಾಡಿಸಿದಂತಿತ್ತು. 1970ರ ದಶಕದಲ್ಲಿ ಅದು ಕಾಸರಗೋಡು ಮತ್ತು ದಕ್ಷಿಣ ಕನ್ನಡದ ತೋಟಗಳಲ್ಲಿ ಎಡೆಬೆಳೆಯಾಗಿ ಹಬ್ಬಿತು. ನಮ್ಮ ಬಳಗದಲ್ಲಿ ಪುತ್ತೂರು, ವಿಟ್ಲ, ಬದಿಯಡ್ಕ ಕಡೆಯವರು ಹಲವರಿದ್ದಾರೆ. ಕಾಂಡಕ್ಕೇ ಅಂಟಿಕೊಂಡು ಬೆಳೆಯುವ ಹಳದಿ ಕಾಯನ್ನು ಒಡೆದು ಬೀಜದ ಮೇಲಿನ ಬಿಳಿಯ ಸಿಹಿ ತಿರುಳನ್ನು ಚೀಪಿದ ನೆನಪು ಅವರಿಗೆಲ್ಲ ಇದೆ. ಅಳಿಲು ಮತ್ತು ಇಲಿ ಕೊರೆದ ಕಾಯಿಗಳಿಗಾಗಿ ಬೈಗುಳ ತಿಂದ ನೆನಪೂ ಇದೆ. ಆದರೆ ಚಾಕಲೇಟು ತಿಂದ ನೆನಪು ವಿರಳ. ಬೆಳೆದವರ ಮನೆಯಲ್ಲಿ ಕೊಕ್ಕೋ ಮಾರುವ ವಸ್ತುವಾಗಿತ್ತೇ ಹೊರತು ಉಣ್ಣುವ ವಸ್ತುವಾಗಿರಲಿಲ್ಲ.

ಆ ಮಾರಾಟವೂ ಒಮ್ಮೆ ನಿಂತಿತು. 1970ರ ದಶಕದ ಆರಂಭದಲ್ಲಿ ಅಡಿಕೆಯ ಧಾರಣೆ ಕುಸಿದಾಗ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಕರ್ನಾಟಕ ಮತ್ತು ಕೇರಳದ ಬೆಳೆಗಾರರು ಒಂದಾಗಿ 1973ರ ಜುಲೈ 11ರಂದು ಮಂಗಳೂರಿನಲ್ಲಿ ಕ್ಯಾಂಪ್ಕೋ ಸಹಕಾರಿ ಸಂಸ್ಥೆಯನ್ನು ಕಟ್ಟಿದ್ದರು. 1980ರ ಆಸುಪಾಸಿನಲ್ಲಿ ಜಾಗತಿಕ ಧಾರಣೆ ಇಳಿದು ಖಾಸಗಿ ಕಂಪನಿಗಳು ಕೊಕ್ಕೋ ಕೊಳ್ಳುವುದರಿಂದ ಹಿಂಜರಿದವು. ಹಸಿ ಬೀಜ ಕೇಳುವವರಿಲ್ಲದೆ ಹಲವರು ಗಿಡಗಳನ್ನೇ ಕಡಿದರು. ಆಗ ಕ್ಯಾಂಪ್ಕೋ ಖರೀದಿಗೆ ಇಳಿಯಿತು. ಕೊಂಡ ಬೀಜವನ್ನು ಮಾರುವ ದಾರಿಯನ್ನೂ ತಾನೇ ಮಾಡಿಕೊಳ್ಳಬೇಕಾಯಿತು. ಅದರ ಫಲವಾಗಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕಲೇಟು ಕಾರ್ಖಾನೆ ಎದ್ದಿತು. 1986ರ ಸೆಪ್ಟೆಂಬರಿನಲ್ಲಿ ರಾಷ್ಟ್ರಪತಿ ಗ್ಯಾನಿ ಜೈಲ್ ಸಿಂಗರು ಅದನ್ನು ಉದ್ಘಾಟಿಸಿದರು. ಅಡಿಕೆ ಬೆಳೆಗಾರರು ತಮ್ಮ ಪಾಲುಬಂಡವಾಳದಿಂದ ಚಾಕಲೇಟು ಕಾರ್ಖಾನೆಯ ಒಡೆಯರಾದದ್ದು ಸಾಮಾನ್ಯ ಸಂಗತಿಯಲ್ಲ. ಚಾಕಲೇಟು ಪೂರ್ತಿ ಪರರದು ಎನ್ನುವವರು ಈ ಅಧ್ಯಾಯವನ್ನು ಮರೆಯಬಾರದು.

ನಾವಿರುವ ಊರಿಗೂ ಈ ಕಥೆಯಲ್ಲಿ ಪಾಲಿದೆ. ಠಾಣೆಯ ಪೋಖರಣ್ ರಸ್ತೆಯಲ್ಲಿ ಕ್ಯಾಡ್‌ಬರಿಯ ಕಾರ್ಖಾನೆ ದಶಕಗಳ ಕಾಲ ಚಾಕಲೇಟು ತಯಾರಿಸಿತು. ಇಂದಿಗೂ ಹೆದ್ದಾರಿಯ ಆ ನಾಕಾವನ್ನು ರಿಕ್ಷಾದವರು ಕ್ಯಾಡ್‌ಬರಿ ಎಂದೇ ಕರೆಯುತ್ತಾರೆ. ಇಲ್ಲಿನ ಆಡುಮಾತಿನಲ್ಲಿ ಯಾವ ಕಂಪನಿಯ ಚಾಕಲೇಟಾದರೂ 'ಕ್ಯಾಡ್‌ಬರಿ'ಯೇ. ಹೆಸರು ಹೀಗೆ ಮಾತಿನೊಳಗೆ ಸೇರಿದ್ದು ತಾನಾಗಿಯಲ್ಲ. ಮೊದಲು ಅದು ಮಕ್ಕಳ ತಿನಿಸಾಗಿತ್ತು. 1994ರಲ್ಲಿ, ಕ್ರಿಕೆಟ್ ಮೈದಾನಕ್ಕೆ ನುಗ್ಗಿ ಕುಣಿಯುವ ತರುಣಿಯ ಜಾಹೀರಾತು, ದೊಡ್ಡವರೂ ಸಂಕೋಚವಿಲ್ಲದೆ ತಿನ್ನಬಹುದೆಂದು ಹೇಳಿತು. ಮುಂದಿನ ದಶಕದ ಜಾಹೀರಾತುಗಳು ಪರೀಕ್ಷೆಯ ಫಲಿತಾಂಶ, ಸಂಬಳದ ದಿನ, ಶುಭಾರಂಭಗಳಿಗೆಲ್ಲ ಅದನ್ನೇ ಹಂಚಲು ಕಲಿಸಿದವು. ಪೇಢೆ ಮತ್ತು ಲಾಡುಗಳು ಕುಳಿತಿದ್ದ ಮಣೆಯ ಮೇಲೆ ಚಾಕಲೇಟು ಬಂದು ಕುಳಿತದ್ದು ಹೀಗೆ. ಇಂದಿನ ಚಾಕಲೇಟು ಮೋದಕ ಆ ಪಯಣದ ಮುಂದಿನ ನಿಲ್ದಾಣ.

ಇನ್ನು ಆರೋಗ್ಯದ ಮಾತು. ಕೊಕ್ಕೋ ಬೀಜದಲ್ಲಿರುವ ಫ್ಲೇವನಾಲ್ ಎಂಬ ಕಹಿ ಅಂಶಗಳು ರಕ್ತನಾಳಗಳಿಗೆ ಒಳ್ಳೆಯವೆಂಬ ಮಾತನ್ನು ನಾವೆಲ್ಲ ವಾಟ್ಸಾಪಿನಲ್ಲಿ ಓದಿದ್ದೇವೆ. ಇದನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದ್ದು ಅಮೆರಿಕದ 'ಕಾಸ್ಮೋಸ್' ಅಧ್ಯಯನ. ಅದರ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. 21,442 ಹಿರಿಯರು ಭಾಗವಹಿಸಿದ್ದ ಈ ಪ್ರಯೋಗದಲ್ಲಿ, ಕೊಕ್ಕೋ ಸಾರವನ್ನು ಸೇವಿಸಿದವರಿಗೆ ಹೃದಯ ಮತ್ತು ರಕ್ತನಾಳಗಳ ಒಟ್ಟು ಅವಘಡಗಳು ಖಚಿತವಾಗಿ ಕಡಿಮೆಯಾದವೆಂದು ಸಿದ್ಧವಾಗಲಿಲ್ಲ. ಆ ಕಾರಣದ ಮರಣಗಳು ಮಾತ್ರ ಶೇ. 27ರಷ್ಟು ಕಡಿಮೆ ಕಂಡವು. ಭರವಸೆಯ ಸುಳಿವಿದು, ತೀರ್ಪಲ್ಲ. ಅದಕ್ಕಿಂತ ಮುಖ್ಯವಾದ ವಿಷಯವೆಂದರೆ ಅಲ್ಲಿ ಕೊಟ್ಟದ್ದು ದಿನಕ್ಕೆ 500 ಮಿಲಿಗ್ರಾಂ ಫ್ಲೇವನಾಲ್ ಇರುವ ಗುಳಿಗೆ, ಚಾಕಲೇಟಲ್ಲ. ಬೀಜವನ್ನು ಹುದುಗಿಸಿ, ಹುರಿದು, ಹಾಲು ಮತ್ತು ಸಕ್ಕರೆಗಳನ್ನು ಬೆರೆಸುವ ಹೊತ್ತಿಗೆ ಆ ಅಂಶ ಬಹಳಷ್ಟು ಕುಗ್ಗಿರುತ್ತದೆ. ಸಾಮಾನ್ಯ ಹಾಲಿನ ಚಾಕಲೇಟಿನ ತೂಕದಲ್ಲಿ ಸುಮಾರು ಅರ್ಧ ಸಕ್ಕರೆಯೇ. ಅಗ್ಗದ 'ಕಾಂಪೌಂಡ್' ಚಾಕಲೇಟಿನಲ್ಲಿ ಕೊಕ್ಕೋ ಬೆಣ್ಣೆಯ ಬದಲು ಬೇರೆ ಸಸ್ಯಕೊಬ್ಬು ಇರುತ್ತದೆ. ದಿನದ ಶಕ್ತಿಯಲ್ಲಿ ಸೇರಿಸಿದ ಸಕ್ಕರೆಯ ಪಾಲು ಶೇ. 10ಕ್ಕಿಂತ ಕಡಿಮೆಯಿರಬೇಕು, ಶೇ. 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಎರಡು ಸಾವಿರ ಕ್ಯಾಲೊರಿಯ ಊಟಕ್ಕೆ ಆ ಶೇ. 5 ಎಂದರೆ 25 ಗ್ರಾಂ. ಐವತ್ತು ಗ್ರಾಮಿನ ಒಂದು ಹಾಲಿನ ಚಾಕಲೇಟು ಅಷ್ಟನ್ನೂ ಒಂದೇ ಸಲಕ್ಕೆ ಮುಗಿಸಿಬಿಡುತ್ತದೆ. ಐಸಿಎಂಆರ್ ಬೆಂಬಲದ 2023ರ ಅಧ್ಯಯನವೊಂದರ ಅಂದಾಜಿನಂತೆ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಮಧುಮೇಹವಿದೆ. ನಮ್ಮ ಬೈಠಕ್ಕಿನಲ್ಲಿಯೇ ಎಷ್ಟೋ ಜನ ಚಹಾಕ್ಕೆ ಸಕ್ಕರೆ ಬೇಡವೆನ್ನುತ್ತಾರೆ.

ಹಾಗೆಂದು ಕಡುಬು ಗೆದ್ದಿತೆಂದು ತೀರ್ಮಾನಿಸಲಾಗದು. ಬೆಲ್ಲವೂ ಬಹುಪಾಲು ಸಕ್ಕರೆಯೇ. ಅದರಲ್ಲಿರುವ ಅಲ್ಪ ಖನಿಜಾಂಶ ಮಧುಮೇಹಿಗೆ ರಕ್ಷೆಯಾಗುವುದಿಲ್ಲ. ಮೈಸೂರು ಪಾಕಿನ ಗುಣವನ್ನು ನಾವು ವರ್ಣಿಸಬೇಕಾಗಿಲ್ಲ. ಇನ್ನೂ ಕಠಿಣವಾದ ಸತ್ಯವೊಂದಿದೆ. ನಮ್ಮ ಊಟ ಮುಗಿಯುವುದು ತಾಂಬೂಲದಿಂದ. ಮದುವೆ, ಮುಂಜಿ, ಪೂಜೆಗಳಲ್ಲಿ ಅಡಿಕೆಯಿಲ್ಲದೆ ಮಂಗಳವಿಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕು ಬೆರೆಸದ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಮೊದಲ ಗುಂಪಿನ ವಸ್ತುಗಳಲ್ಲಿ ಸೇರಿಸಿತು. ಬೆಳೆಗಾರರ ಸಂಘಟನೆಗಳು ಇದನ್ನು ಒಪ್ಪುವುದಿಲ್ಲ. ಅಡಿಕೆಯ ಹಣದಿಂದಲೇ ಓದಿ ಇಲ್ಲಿಗೆ ಬಂದ ನಮ್ಮವರಿಗೂ ಇದನ್ನು ಬರೆಯುವುದು ಸುಲಭವಲ್ಲ. ಆದರೂ ಪಾಠ ಸ್ಪಷ್ಟವಾಗಿದೆ. ಒಂದೇ ತೋಟದಲ್ಲಿ ಮೇಲೆ ನಿಂತಿರುವ ಅಡಿಕೆ ಪರಮ ಸಾಂಪ್ರದಾಯಿಕ. ಅದರ ನೆರಳಿನ ಕೊಕ್ಕೋ ನಿನ್ನೆ ಮೊನ್ನೆಯದು. ಎರಡರಲ್ಲಿ ಹೆಚ್ಚು ಅಪಾಯಕಾರಿಯೆಂದು ವಿಜ್ಞಾನ ಬೊಟ್ಟುಮಾಡುವುದು ಹಳೆಯದನ್ನು. ಸಂಪ್ರದಾಯವೂ ಆರೋಗ್ಯವೂ ಒಂದೇ ಎಂಬ ನಂಬಿಕೆಯನ್ನು ನಾವು ಬಿಡಲೇಬೇಕು.

ಹಾಗಾದರೆ ಸಂಪ್ರದಾಯದಿಂದ ನಮಗೆ ದೊರಕುವುದೇನು? ಪದಾರ್ಥಗಳ ಪಟ್ಟಿಯಲ್ಲ, ಉಣ್ಣುವ ಕ್ರಮ ಎಂದು ನಮಗನಿಸುತ್ತದೆ. ಹಿತ, ಮಿತ, ಋತು ಎಂಬ ಮೂರು ಮಾತು ನಮ್ಮ ಹಿರಿಯರ ಬಾಯಲ್ಲಿತ್ತು. ಹೂರಣದ ಕಡುಬು ವರ್ಷಕ್ಕೆ ಕೆಲವೇ ಬಾರಿ ಆಗುತ್ತಿತ್ತು. ಅದಕ್ಕಾಗಿ ಕಾಯಿ ತುರಿಯಬೇಕು, ಬೆಲ್ಲ ಕಾಯಿಸಬೇಕು, ಹಿಟ್ಟು ನಾದಬೇಕು, ಇಪ್ಪತ್ತು ಜನಕ್ಕೆ ಹಂಚಬೇಕು. ಆ ಶ್ರಮವೇ ಮಿತಿಯೂ ಆಗಿತ್ತು. ಮರಗೆಣಸು, ಶೇಂಗಾ, ಮೆಣಸಿನಕಾಯಿಗಳು ಬೆಳೆಯಾಗಿ ಬಂದು ನಮ್ಮ ಒಲೆಯನ್ನು ಸೇರಿದವು. ಎಷ್ಟು ಹಾಕಬೇಕೆಂಬುದನ್ನು ನಮ್ಮ ಅಜ್ಜಿಯರು ನಿರ್ಧರಿಸಿದರು. ಚಾಕಲೇಟು ಬಂದದ್ದು ಹೊದಿಕೆಯೊಳಗೆ, ಸಿದ್ಧವಾಗಿ. ಅದರ ಸಕ್ಕರೆಯ ಅಳತೆ ನಮ್ಮ ಕೈಯಲ್ಲಿಲ್ಲ. ಅದಕ್ಕೆ ತಿಥಿಯಿಲ್ಲ, ಹಬ್ಬವಿಲ್ಲ. ಸ್ಟೇಷನ್ನಿನ ಅಂಗಡಿಯಲ್ಲಿ ಯಾವ ಹೊತ್ತಿಗೂ ಸಿಗುತ್ತದೆ. ನಮ್ಮ ಆಕ್ಷೇಪವಿರಬೇಕಾದದ್ದು ಈ ಅಳತೆಯಿಲ್ಲದಿರುವಿಕೆಯ ಬಗ್ಗೆ, ಕೊಕ್ಕೋ ಬೀಜದ ಬಗ್ಗೆಯಲ್ಲ. ನಮ್ಮ ಲಾಡು ಮತ್ತು ಬರ್ಫಿಗಳು ಪೆಟ್ಟಿಗೆಯೊಳಗೆ ಸೇರಿ ದಿನನಿತ್ಯದವಾದಾಗ ಇದೇ ಆಕ್ಷೇಪ ಅವುಗಳಿಗೂ ಸಲ್ಲುತ್ತದೆ.

ಆದ್ದರಿಂದ ನಮ್ಮ ಉತ್ತರ ಹೀಗಿದೆ. ಚಾಕಲೇಟನ್ನು ಔಷಧವೆಂದು ತಿನ್ನಬಾರದು, ಮೈಲಿಗೆಯೆಂದು ದೂಡಲೂಬಾರದು. ಅದು ಸಿಹಿ, ಸಿಹಿಗೆ ನಮ್ಮ ಊಟದಲ್ಲಿ ಬಾಳೆಲೆಯ ಒಂದು ಮೂಲೆಯಿದೆ. ಆ ಮೂಲೆಯಷ್ಟೇ ಅದಕ್ಕೂ ಸಲ್ಲುತ್ತದೆ. ಮನೆಯಲ್ಲಿ ಸಕ್ಕರೆ ಬೆರೆಸದ ಕೊಕ್ಕೋ ಪುಡಿಯನ್ನು ತಂದು, ರಾಗಿ ಮಾಲ್ಟಿಗೋ ಹಾಲಿಗೋ ನಾವೇ ಅಳೆದು ಹಾಕಿದರೆ, ಅದು ಶೇಂಗಾದ ಹಾಗೆ ನಮ್ಮ ಒಲೆಗೂ ಸೇರಬಹುದು.

ಆ ಸಂಜೆಯ ಬೈಠಕ್ ಕೊನೆಗೆ ಹೀಗೆ ನಿರ್ಣಯಿಸಿತು. ನೈವೇದ್ಯಕ್ಕೆ ಹಬೆಯ ಕಡುಬು, ಅದನ್ನು ಮಕ್ಕಳೂ ಕುಳಿತು ಮಡಚಬೇಕು. ಕಾರ್ಯಕ್ರಮದ ಕೊನೆಯಲ್ಲಿ ಪುತ್ತೂರಿನ ಚಾಕಲೇಟಿನ ಒಂದೊಂದು ತುಂಡು, ಜೊತೆಗೆ ಆ ತೋಟದ ಕಥೆಯನ್ನು ಹೇಳಬೇಕು. ಸಕ್ಕರೆ ವರ್ಜ್ಯವಿರುವ ಹಿರಿಯರಿಗಾಗಿ ಒಗ್ಗರಣೆ ಹಾಕಿದ ಕಡಲೆಕಾಳಿನ ಉಸಲಿ. ಊರು ಮರೆತೆವೆ ಎಂದು ಕೇಳಿದ್ದ ಹಿರಿಯರು ಕಥೆ ಹೇಳುವ ಕೆಲಸವನ್ನು ತಾವೇ ಕೇಳಿ ವಹಿಸಿಕೊಂಡರು. ಬದಿಯಡ್ಕದ ಅವರ ತಂದೆ 1980ರಲ್ಲಿ ಕೊಕ್ಕೋ ಗಿಡ ಕಡಿದವರಲ್ಲಿ ಒಬ್ಬರೆಂಬುದು ನಮಗೆ ಅಂದೇ ತಿಳಿದದ್ದು.