ಗಾಡಿಯ ಜಾತಕ

ಮದುವೆಗೆ ಮುಂಚೆ ಜಾತಕ ನೋಡುವುದುಂಟು, ಹೋರಿ ಕೊಳ್ಳುವ ಮುಂಚೆ ಸುಳಿ ನೋಡುವುದುಂಟು. ಆದರೆ ಒಂದು ಮೋಟಾರ್ ಸೈಕಲ್ಲಿಗೂ ಜಾತಕ ಬರೆಯಬೇಕಾಗುತ್ತದೆ, ಅದನ್ನು ಶಾಲೆಯ ಅಕ್ಕೋರಾದ ನಾನೇ ಬರೆಯಬೇಕಾಗುತ್ತದೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ.

ಕಳೆದ ದಸರಾ ರಜೆಯಲ್ಲಿ ಅಣ್ಣನ ಮಗ ತೋಡೂರಿನ ನಮ್ಮ ಮನೆಗೆ ಬಂದ. ಚಾ ಕುಡಿದು, ಲೋಟ ಕೆಳಗಿಟ್ಟು, "ಅತ್ತೆ, ಅಜ್ಜನ ಗಾಡಿಗೆ ಗಿರಾಕಿ ಬಂದಿದ್ದಾರೆ. ಎರಡೂವರೆ ಲಕ್ಷ ಕೊಡ್ತಾರಂತೆ" ಎಂದ. ಕೊಟ್ಟಿಗೆಯ ಮೂಲೆಯಲ್ಲಿ ಗೋಣಿಚೀಲ ಹೊದ್ದು ಕುಳಿತ ಆ ಗಾಡಿಗೆ ಅಷ್ಟು ಬೆಲೆಯೇ ಎಂದು ನಾನು ಬಾಯಿ ಬಿಟ್ಟೆ. ಗಿರಾಕಿ ಹಳೆಯ ಗಾಡಿಗಳನ್ನು ಕೂಡಿಸುವ ಹವ್ಯಾಸದವರು. ನಮ್ಮದು ಅರವತ್ತರ ದಶಕದ ಜಾವಾ, ಅದೂ ಕಾರ್ಖಾನೆಯಲ್ಲೇ ಟ್ರಯಲ್ ಸ್ಪರ್ಧೆಗೆಂದು ತಯಾರಾದದ್ದು ಎಂದು ಮನೆಯವರು ಬರೆದುಕೊಟ್ಟರೆ ಮಾತ್ರ ಆ ಬೆಲೆ. "ನೀನು ಇತಿಹಾಸದ ಅಕ್ಕೋರು, ನೀನು ಬರೆದರೆ ನಂಬ್ತಾರೆ" ಎಂದ ಹುಡುಗ. ಅವನ ತಂಗಿಯ ನರ್ಸಿಂಗ್ ಕಾಲೇಜಿನ ಫೀ ಕಟ್ಟುವ ದಿನ ಹತ್ತಿರ ಬಂದಿತ್ತು.

ಟ್ರಯಲ್ ಎಂದರೆ ವೇಗದ ಪಂದ್ಯವಲ್ಲ. ಕಲ್ಲು, ಕೆಸರು, ತೊರೆಗಳ ಮೇಲೆ ನಿಧಾನವಾಗಿ ಗಾಡಿ ದಾಟಿಸಬೇಕು, ಕಾಲು ನೆಲಕ್ಕೆ ತಾಗಿದರೆ ಅಂಕ ಹೋಯಿತು. ಇದರ ನೆಂಟನಂತೆ ಆರು ದಿನಗಳ ಅಂತರರಾಷ್ಟ್ರೀಯ ಟ್ರಯಲ್ ಎಂಬ ಇನ್ನೊಂದು ಸ್ಪರ್ಧೆ 1913ರಲ್ಲಿ ಇಂಗ್ಲೆಂಡಿನ ಕಾರ್ಲೈಲ್‌ನಲ್ಲಿ ಶುರುವಾಯಿತು. ಅದರಲ್ಲಿ ಚೆಕೊಸ್ಲೊವಾಕಿಯದ ತಂಡ 1970ರಿಂದ 1974ರವರೆಗೆ ಸತತವಾಗಿ ಐದು ವರ್ಷ ಗೆದ್ದಿತು. ಅಲ್ಲಿಯ ಹೆಸರಾಂತ ಗಾಡಿಯೇ ಜಾವಾ. ಇಂಥ ಗಾಡಿಗಳಿಗೆ ಮಡ್‌ಗಾರ್ಡು ಎತ್ತರ, ಹೊಗೆಯ ಕೊಳವೆ ಎತ್ತರ. ನಮ್ಮ ಗಾಡಿಯ ಸೈಲೆನ್ಸರುಗಳೂ ಎತ್ತರಕ್ಕೆ ಏರಿದ್ದವು, ಮುಂದಿನ ಮಡ್‌ಗಾರ್ಡು ಚಕ್ರದಿಂದ ಒಂದು ಗೇಣು ಮೇಲಿತ್ತು. ಯಾರಾದರೂ ಕೇಳಿದರೆ ಅಪ್ಪ ನಕ್ಕು, "ರೇಸಿಗೆ ಮಾಡಿದ್ದು ಮಾರಾಯ" ಎನ್ನುತ್ತಿದ್ದರು. ಆ ಮಾತೇ ಬೆಳೆದು ನಮ್ಮ ಮನೆಯ ಪುರಾಣವಾಗಿತ್ತು.

ನಾನು ಮಕ್ಕಳಿಗೆ ಹೇಳುವುದು ಒಂದೇ: ಐತಿಹ್ಯ ಬೇರೆ, ಆಧಾರ ಬೇರೆ. ಈಗ ಅದೇ ಪಾಠ ನನ್ನ ಕೊರಳಿಗೆ ಬಿತ್ತು. ಕಾರವಾರದಿಂದ ಒಬ್ಬ ಹಳೆಯ ಮೆಕ್ಯಾನಿಕ್‌ರನ್ನು ಕರೆಸಿದೆವು. ಅವರು ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ, ಹ್ಯಾಂಡಲಿನ ಕೆಳಗೆ ಚಾಸಿಯ ಕೊರಳನ್ನೂ ಎಂಜಿನ್ನಿನ ಪಕ್ಕವನ್ನೂ ಉಜ್ಜಿದರು. ಕೊರೆದ ಅಂಕಿಗಳು ಮೇಲೆದ್ದವು. ಕಾಗದ ಇಟ್ಟು ಪೆನ್ಸಿಲ್ ತಿಕ್ಕಿ ಅಚ್ಚು ತೆಗೆದೆವು. ಶಾಸನ ಓದುವವರು ಕಲ್ಲಿನ ಮೇಲೆ ಒದ್ದೆ ಕಾಗದ ಬಡಿದು ಮಸಿ ಸವರಿ ಅಚ್ಚು ತೆಗೆಯುವುದೂ ಇದೇ ಕ್ರಮ. ನನಗೆ ಒಳಗೊಳಗೇ ಉಮೇದು ಬಂತು.

ಅಪ್ಪನ ಟ್ರಂಕಿನಲ್ಲಿದ್ದ ಆರ್.ಸಿ. ಪುಸ್ತಕ ತೆಗೆದೆ. ಮೊದಲ ನೋಂದಣಿ 1974. ಅಪ್ಪ ಎರಡನೆಯ ಮಾಲಕರು, ಕೊಂಡದ್ದು 1979ರಲ್ಲಿ. ಅರವತ್ತರ ದಶಕದ ಗಾಡಿ ಎಂಬ ಮಾತು ಅಲ್ಲಿಗೇ ಬಿದ್ದುಹೋಯಿತು. ಜಾವಾ ಎಂಬ ಮಾತೂ ನಿಲ್ಲಲಿಲ್ಲ, ಪುಸ್ತಕದಲ್ಲಿ ಯೆಜ್ಡಿ ಎಂದಿತ್ತು.

ಇಲ್ಲಿ ಸ್ವಲ್ಪ ಕಾರ್ಖಾನೆಯ ಕತೆ ಹೇಳಬೇಕು. 1929ರಲ್ಲಿ ಚೆಕೊಸ್ಲೊವಾಕಿಯದ ಯಾನೆಚೆಕ್ ಎಂಬವರು ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್ ಸೈಕಲ್ಲಿನ ಹಕ್ಕು ಕೊಂಡರು. ಎರಡು ಹೆಸರುಗಳ ಮೊದಲ ಅಕ್ಷರಗಳು ಸೇರಿ 'ಜಾವಾ' ಆಯಿತು. ನಮ್ಮ ರಾಜ್ಯದಲ್ಲಿ ಅದನ್ನು ಮಾಡಿದ್ದು ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ. ರುಸ್ತುಂ ಇರಾನಿಯವರು ಕಟ್ಟಿದ ಆ ಕಾರ್ಖಾನೆಯ ಉದ್ಘಾಟನೆ ಮಾಡಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರು. 1961ರಿಂದ ಅಲ್ಲಿ ಗಾಡಿಗಳು ಹೊರಬಂದವು. ಒಂದೇ ಸಿಲಿಂಡರು, ಎರಡು ಸೈಲೆನ್ಸರು; ಕಿಕ್ ಹೊಡೆಯುವ ಕಡ್ಡಿಯೇ ಗೇರಿನ ಕಡ್ಡಿ. ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕಬೇಕು. ಚೆಕ್ ಕಂಪನಿಯ ಪರವಾನಗಿ ಮುಗಿದ ಮೇಲೆ 1973ರಲ್ಲಿ ಗಾಡಿಯ ಹೆಸರು ಯೆಜ್ಡಿ ಆಯಿತು. ಅದೇ ವರ್ಷ ನವೆಂಬರ್ 1ಕ್ಕೆ ಮೈಸೂರು ರಾಜ್ಯ ಕರ್ನಾಟಕವಾಯಿತು. ಹೆಸರು ಬದಲಾದರೂ ಜನರ ಬಾಯಲ್ಲಿ ಅದು ಜಾವಾವೇ ಆಗಿ ಉಳಿಯಿತು. ಕಾರ್ಖಾನೆ 1996ರಲ್ಲಿ ಮುಚ್ಚಿತು.

"ಹಾಗಾದರೆ ಟ್ಯಾಂಕಿನ ಮೇಲೆ ಜಾವಾ ಅಂತ ಯಾಕಿದೆ?" ಎಂದ ಹುಡುಗ. ಮೆಕ್ಯಾನಿಕ್ ನಕ್ಕರು. "ಅಕ್ಕೋರೇ, ಟ್ಯಾಂಕ್ ಗುಜರಿಯದ್ದು. ಎಂಜಿನ್ನೂ ಬೇರೆ ಗಾಡಿಯದ್ದು, ನಂಬರು ಪುಸ್ತಕಕ್ಕೆ ತಾಳೆ ಆಗೂದಿಲ್ಲ" ಎಂದರು. ಕಾರ್ಖಾನೆ ಮುಚ್ಚಿದ ಮೇಲೆ ಬಿಡಿಭಾಗ ಸಿಗದೆ, ಒಂದು ಗಾಡಿ ಬಿಚ್ಚಿ ಇನ್ನೊಂದನ್ನು ಬದುಕಿಸುವುದು ಎಲ್ಲ ಕಡೆ ನಡೆದದ್ದೇ. ಅಣ್ಣನೂ ಹಾಗೆಯೇ ಮಾಡಿಸಿದ್ದ. ಪುಸ್ತಕಕ್ಕೆ ತಾಳೆಯಾದದ್ದು ಚಾಸಿಯ ಸಂಖ್ಯೆ ಮಾತ್ರ.

ಉಳಿದದ್ದು ಎತ್ತರದ ಸೈಲೆನ್ಸರು. ಮೆಕ್ಯಾನಿಕ್ ಕೈಬೆರಳಿನಿಂದ ಬೆಸುಗೆಯ ಗಂಟು ತೋರಿಸಿದರು. "ಇದು ಕಾರ್ಖಾನೆಯ ಕೆಲಸ ಅಲ್ಲ. ಊರಿನ ವೆಲ್ಡಿಂಗ್."

ಯಾಕೆ ಮಾಡಿಸಿದರು? ಆ ಉತ್ತರವೂ ಅದೇ ಟ್ರಂಕಿನಲ್ಲಿತ್ತು. ಅಪ್ಪ ಸರಕಾರಿ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದರು. ದಿನದ ಖರ್ಚನ್ನು ಉದ್ದನೆಯ ಪುಸ್ತಕದಲ್ಲಿ ಬರೆಯುವ ಅಭ್ಯಾಸ. 1982ರ ಆಗಸ್ಟ್ ತಿಂಗಳ ಪುಟದಲ್ಲಿ ಹೀಗಿತ್ತು: "ಸೈಲೆನ್ಸರ್ ಎತ್ತಿಸಿದ್ದು, ಮಡ್‌ಗಾರ್ಡ್ ಸಹ, ವೆಲ್ಡಿಂಗ್ ರೂ. 45." ಅದರ ಮೇಲೆ, ಆರು ದಿನ ಹಿಂದಿನ ತಾರೀಕಿಗೆ ಖರ್ಚಿಲ್ಲದ ಒಂದು ಸಾಲು: "ಹಳ್ಳದಲ್ಲಿ ಗಾಡಿ ನಿಂತಿತು. ತಡವಾಯಿತು."

ಆ ಮಳೆಗಾಲ ನನಗೆ ನೆನಪಿದೆ. ನಮ್ಮ ಹಳೆಯ ಕೇರಿ ಇದ್ದದ್ದು ಕಡಲಿನ ಹತ್ತಿರ, ಗಜನಿ ಗದ್ದೆಗಳ ಆಚೆ. ನಡುವೆ ಒಂದು ಹಳ್ಳ. ಮಳೆ ಜೋರಾಗಿ, ಮೇಲಿಂದ ಭರತದ ನೀರೂ ಒತ್ತಿದರೆ ಸೊಂಟದವರೆಗೆ ಏರುತ್ತಿತ್ತು. ಸೈಲೆನ್ಸರಿನ ಬಾಯಿ ನೀರಿನಲ್ಲಿ ಮುಳುಗಿದರೆ ಹೊಗೆಗೆ ದಾರಿಯಿಲ್ಲ, ಎಂಜಿನ್ ಕಟ್ಟಿಕೊಂಡು ನಿಲ್ಲುತ್ತದೆ. ನನ್ನ ತರಗತಿಯ ಒಬ್ಬ ಹುಡುಗಿಗೆ ವಾಂತಿಭೇದಿ ಆಗಿತ್ತು. ರಾತ್ರಿ ಅಪ್ಪ ಔಷಧದ ಚೀಲ ಕಟ್ಟಿಕೊಂಡು ಹೊರಟಿದ್ದರು. ಮರುದಿನ ನನ್ನ ಬೆಂಚಿನಲ್ಲಿ ಪಕ್ಕದ ಜಾಗ ಖಾಲಿ ಇತ್ತು, ಆಮೇಲೂ ಖಾಲಿಯೇ ಉಳಿಯಿತು. ಅಪ್ಪ ಮನೆಯಲ್ಲಿ ಆ ವಿಷಯ ಎತ್ತಲಿಲ್ಲ. ಮುಂದೆ ಯಾರಾದರೂ ಸೈಲೆನ್ಸರ್ ತೋರಿಸಿ ಕೇಳಿದರೆ ರೇಸಿನ ಮಾತು ಹೇಳಿ ನಗುತ್ತಿದ್ದರು. ಆ ನಗೆ ಯಾಕೆಂದು ನನಗೆ ತಿಳಿಯಲು ನಲವತ್ತು ವರ್ಷಕ್ಕೂ ಮೇಲಾಯಿತು.

ಹಳ್ಳವನ್ನು ಒಮ್ಮೆ ನೋಡಿ ಬರೋಣ ಎಂದರೆ ಆಗುವಂತಿಲ್ಲ. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿತ್ತು. ತೊಂಬತ್ತರ ದಶಕದ ಕೊನೆಗೆ ನಮ್ಮ ಕೇರಿ ಎದ್ದು ತೋಡೂರಿನ ಕಾಲೊನಿಗೆ ಬಂತು. 2005ರಲ್ಲಿ ನೌಕಾನೆಲೆ ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ಸೇವೆಗೆ ಸೇರಿತು. ಗದ್ದೆ, ದಾರಿ, ಹಳ್ಳ ಈಗ ಬೇಲಿಯ ಒಳಗಿವೆ. ಆ ದಾರಿ ಹೇಗಿತ್ತು ಎಂಬುದಕ್ಕೆ ನನ್ನ ಬಳಿ ಉಳಿದ ಆಧಾರ ಈ ಗಾಡಿಯೇ. ಸೈಲೆನ್ಸರಿನ ಬಾಯಿಗೆ ಅಳತೆಪಟ್ಟಿ ಹಿಡಿದು ನೋಡಿದೆ. ಆ ವರ್ಷದ ನೀರಿನ ಎತ್ತರ ಅಲ್ಲಿ ಬರೆದಿಟ್ಟ ಹಾಗಿತ್ತು.

ಜಾತಕ ಬರೆದೆ. 1974ರ ಯೆಜ್ಡಿ, ಚಾಸಿ ಮೂಲದ್ದು, ಎಂಜಿನ್ ಮತ್ತು ಟ್ಯಾಂಕ್ ಬೇರೆಯವು, ಸೈಲೆನ್ಸರ್ 1982ರಲ್ಲಿ ಹಳ್ಳ ದಾಟಲು ಎತ್ತಿಸಿದ್ದು, ಸ್ಪರ್ಧೆಯ ಗಾಡಿ ಅಲ್ಲ. ಕೆಳಗೆ ಸಹಿ. ಗಿರಾಕಿ ಓದಿ, ಬಿಡಿಭಾಗದ ಲೆಕ್ಕದಲ್ಲಿ ನಲವತ್ತು ಸಾವಿರ ಎಂದರು. ಅವರನ್ನು ದೂರುವಂತಿಲ್ಲ. 2021ರ ಕೇಂದ್ರ ನಿಯಮದ ಪ್ರಕಾರ ವಿಂಟೇಜ್ ಎಂದು ನೋಂದಾಯಿಸಬೇಕಾದರೆ ಗಾಡಿಗೆ ಐವತ್ತು ವರ್ಷ ತುಂಬಿದರೆ ಸಾಲದು, ಅದು ಮೂಲರೂಪದಲ್ಲೇ ಇರಬೇಕು.

ಹುಡುಗ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. "ಒಂದು ಸಾಲು ಬರೆಯದೇ ಬಿಟ್ಟಿದ್ದರೆ ಏನಾಗ್ತಿತ್ತು ಅತ್ತೆ?" ಎಂದ ಕಡೆಗೆ. ನಾನು ಅಪ್ಪನ ಲೆಕ್ಕದ ಪುಸ್ತಕ ತೆಗೆದು ಆ ಪುಟ ತೋರಿಸಿದೆ. ಓದಿದ, ಪುಸ್ತಕ ಮುಚ್ಚಿದ, ಏನೂ ಹೇಳಲಿಲ್ಲ. ತಂಗಿಯ ಫೀಗೆ ನನ್ನ ಜಿಪಿಎಫ್‌ನಿಂದ ಹಣ ತೆಗೆದು ಕೊಟ್ಟೆ. ನಿವೃತ್ತಿಗೆ ಕೆಲವೇ ವರ್ಷ ಇರುವಾಗ ಅದು ಸಣ್ಣ ಮಾತಲ್ಲ, ಆದರೂ ಕೊಟ್ಟೆ.

ಗಾಡಿ ಮಾರಲಿಲ್ಲ. ದೀಪಾವಳಿಗೆ ಅವನೇ ಅದನ್ನು ಕೊಟ್ಟಿಗೆಯಿಂದ ಹೊರಗೆ ತಂದು ತೊಳೆದ. "ಸೈಲೆನ್ಸರ್ ಕೆಳಗಿಳಿಸಿ ಮೊದಲಿನ ಹಾಗೆ ಮಾಡಿಸಲಾ ಅತ್ತೆ?" ಎಂದು ಕೇಳಿದ. ಆಮೇಲೆ ತಾನೇ, "ಬೇಡ, ಇರಲಿ" ಎಂದು ಬಟ್ಟೆ ತೆಗೆದುಕೊಂಡು ಆ ಬೆಸುಗೆಯ ಗಂಟನ್ನು ಒರೆಸಿದ. ಪೆನ್ಸಿಲಿನ ಅಚ್ಚುಗಳನ್ನು ನಾನು ಅಪ್ಪನ ಪುಸ್ತಕದಲ್ಲಿ, ಆಗಸ್ಟ್ ತಿಂಗಳ ಪುಟದ ಎದುರಿಗೆ ಅಂಟಿಸಿಟ್ಟಿದ್ದೇನೆ.